ಬರದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಗಿಡಕ್ಕೆ ಪೋಷಕಾಂಶ ಕೊಡೋದನ್ನ ನಿಲ್ಲಿಸುತ್ತವಾ? ಮಳೆ ಬಂದ ಮೇಲೆ ಎಲ್ಲಾ ಸರಿಹೋಗುತ್ತಾ?

ಪೂರ್ತಿ ನಿಲ್ಲಿಸುವುದಿಲ್ಲ. ಆದರೆ ನಿಮ್ಮ ಎರಡನೇ ಪ್ರಶ್ನೆಯಲ್ಲೇ ಜಾಸ್ತಿ ತೊಂದರೆ ಇರೋದು.

ಬರದಲ್ಲಿ ನಾನು ಮೊದಲು ನೋಡುವುದು ದ್ವಿದಳ ಗಿಡದ ಬೇರಿನ ಮೇಲಿರುವ ಸಣ್ಣ ಗಂಟುಗಳನ್ನು. ಒಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದ್ದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದೂರದ ನೆಂಟ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ, ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಅದೇ ಬೇಕು. ಎರಡನ್ನೂ ತೂಗಿಸುವ ಪ್ರೋಟೀನ್ ಇದು. ಸೋಯಾದಂಥ ಗಿಡದಲ್ಲಿ ಎಲೆ ಬಾಡುವ ಮೊದಲೇ ಈ ಕೆಲಸ ಕುಗ್ಗುತ್ತದೆ. ಬಹಳ ದಿನ ಒಣಗಿದ ಗಿಡದ ಗಂಟು ಸೀಳಿದರೆ ಹಸಿರೋ ಕಂದೋ ಕಾಣುತ್ತದೆ.

ಶಿಲೀಂಧ್ರಗಳು ಇನ್ನೂ ಗಟ್ಟಿ. ಬೇರಿನ ಜೊತೆ ಕೂಡಿ ಬಾಳುವ ಮೈಕೊರೈಜಾ ಶಿಲೀಂಧ್ರದ ಎಳೆ ಬೇರಿನ ರೋಮಕ್ಕಿಂತ ತೆಳು, ಬೇರು ನುಗ್ಗಲಾಗದ ಸಂದಿಗೂ ಹೋಗುತ್ತದೆ. ರಂಜಕ ಮೊದಲೇ ಮಣ್ಣಲ್ಲಿ ನಿಧಾನಕ್ಕೆ ಸರಿಯುವ ವಸ್ತು, ಒಣಗಿದರೆ ಕೇಳೋದೇ ಬೇಡ. ಆಗ ಈ ಎಳೆಗಳೇ ದೂರದಿಂದ ತಂದುಕೊಡುತ್ತವೆ. ಸುಮ್ನೆ ಅಲ್ಲ, ಗಿಡ ಸಕ್ಕರೆ, ಕೊಬ್ಬು ಕೊಡಬೇಕು. ರಂಜಕ ಸಾಲದಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಅನ್ನೋ ರಾಸಾಯನಿಕ ಬಿಟ್ಟು ಶಿಲೀಂಧ್ರವನ್ನು ಕರೆಯುತ್ತದೆ. (ಅದರ ಸುಳಿವು ಹಿಡಿದು ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬೀಜವೂ ಮೊಳೆಯುತ್ತದೆ. ಕರೆದಿದ್ದು ಒಬ್ಬರನ್ನ, ಬಂದಿದ್ದು ಇಬ್ಬರು!)

ಇನ್ನು ಮಳೆ. ಒಣ ಮಣ್ಣಲ್ಲಿ ಬದುಕುಳಿಯಲು ಎಷ್ಟೋ ಸೂಕ್ಷ್ಮಜೀವಿಗಳು ಒಳಗೆ ನೀರು ಹಿಡಿದಿಡುವ ಕೆಲವು ಸಣ್ಣ ಅಣುಗಳನ್ನು ಕೂಡಿಟ್ಟುಕೊಂಡಿರುತ್ತವೆ. ದಿಢೀರ್ ನೀರು ಬಿದ್ದಾಗ ಅವನ್ನು ಹೊರಹಾಕದಿದ್ದರೆ ಕೋಶವೇ ಒಡೆಯುತ್ತದೆ. ಸತ್ತವುಗಳ ದೇಹ, ಒಡೆದ ಮಣ್ಣಿನ ಸಣ್ಣ ಹೆಂಟೆಗಳ ಒಳಗಿದ್ದ ಸಾವಯವ ವಸ್ತು ಎಲ್ಲವೂ ಉಳಿದವಕ್ಕೆ ಊಟ. ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಏರುತ್ತದೆ, ಸಾರಜನಕ ಬಿಡುಗಡೆಯಾಗುತ್ತದೆ. ಇದನ್ನು ಬರ್ಚ್ ಪರಿಣಾಮ ಅನ್ನುತ್ತಾರೆ. ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಇದರ ಬಗ್ಗೆ ಬರೆದಿದ್ದರು.

ಗಿಡಕ್ಕೆ ಹಬ್ಬ ಅನ್ನಿಸುತ್ತೆ ಅಲ್ವಾ? ಆದರೆ ಬರದಲ್ಲಿ ಸತ್ತ ಎಳೆಬೇರು ಮತ್ತೆ ಚಿಗುರೋಕೆ ಸಮಯ ಬೇಕು. ಬ್ಯಾಕ್ಟೀರಿಯಾಗಳು ಗಂಟೆಗಳಲ್ಲೇ ಎದ್ದು ಕೂತಿರುತ್ತವೆ. ಈ ಅಂತರದಲ್ಲಿ ನೈಟ್ರೇಟ್ (ನೀರಲ್ಲಿ ಕರಗುವ ಸಾರಜನಕದ ರೂಪ) ನೀರಿನ ಜೊತೆ ಕೆಳಗಿಳಿಯುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಅನಿಲವಾಗಿ ಗಾಳಿಗೆ ಹೋಗುತ್ತದೆ. ಆಳಕ್ಕೆ ಬೇರಿಳಿಸಿ ಬರದಲ್ಲೂ ಜೀವ ಹಿಡಿದಿರುವ ಬಹುವಾರ್ಷಿಕ ಗಿಡಗಳಿದ್ದರೆ ಒಂದಷ್ಟನ್ನಾದರೂ ಹಿಡಿಯುತ್ತವೆ. ವಾರ್ಷಿಕ ಗಿಡಗಳೆಲ್ಲ ಒಣಗಿಹೋದ ಬರಡು ನೆಲದಲ್ಲಿ ಹಿಡಿಯಲು ಯಾರೂ ಇರುವುದಿಲ್ಲ.