ಉದ್ರಿ ಖರೀದಿಗೆ ಒಂದು ಪುಸ್ತಕ, ಪಾವತಿಗೆ ಇನ್ನೊಂದು: ನರ್ಸರಿ ಲೆಕ್ಕದ ಪ್ರಶ್ನೆಗೆ ಉತ್ತರ

ಕಾಳುಮೆಣಸು ಮತ್ತು ಅಡಿಕೆ ಸಸಿಗಳ ನರ್ಸರಿ ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರು ಫೆಬ್ರವರಿ ತಿಂಗಳ ಲೆಕ್ಕದ ಪುಟಗಳ ಚಿತ್ರಗಳನ್ನು ಹಾಕಿದ್ದಾರೆ. ಆ ತಿಂಗಳ ಖರೀದಿ ಒಟ್ಟು ₹70,630 ಎಂದು ಬರುತ್ತಿದೆ, ಆದರೆ ಅಷ್ಟು ಬೆಲೆಯ ಮಾಲು ತಮ್ಮ ಅಂಗಳಕ್ಕೆ ಬಂದೇ ಇಲ್ಲ, ತಪ್ಪು ಎಲ್ಲಾಗಿದೆ ಎಂಬುದು ಅವರ ಪ್ರಶ್ನೆ. ಇಷ್ಟು ಸಣ್ಣ ವ್ಯವಹಾರಕ್ಕೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬೇಕೇ ಎಂದೂ ಕೇಳಿದ್ದಾರೆ. ಅವರ ಪುಟಗಳನ್ನು ಸಾಲು ಸಾಲಾಗಿ ಓದಿಕೊಂಡು ಈ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಆದರೆ ಅಂಕಿಗಳನ್ನು ಬಿಟ್ಟು ಈ ವಿಷಯವನ್ನು ಹೇಳಲು ಬರುವುದಿಲ್ಲ.

ಕೂಡಿಸುವುದರಲ್ಲಿ ತಪ್ಪೇನೂ ಆಗಿಲ್ಲ. ಒಂದೇ ನೋಟ್‌ಬುಕ್ಕಿನಲ್ಲಿ, ಸರಬರಾಜುದಾರರ ಹೆಸರು ಬಂದಾಗಲೆಲ್ಲ ಮೊತ್ತವನ್ನು ‘ಖರೀದಿ’ ಎಂದು ಬರೆಯಲಾಗಿದೆ. ಫೆಬ್ರವರಿ 3ರಂದು ಕೋಕೋಪೀಟ್ (ಸಸಿ ಬೆಳೆಸಲು ಬಳಸುವ ತೆಂಗಿನ ನಾರಿನ ಪುಡಿ) ಉದ್ರಿಯಾಗಿ ಬಂದಾಗ ಬಿಲ್ಲಿನ ಮೊತ್ತ ಖರೀದಿಯಾಗಿ ದಾಖಲಾಗಿದೆ, 26ರಂದು ಅದೇ ಬಿಲ್ಲಿಗೆ ₹18,400 ಕೊಟ್ಟಾಗ ಆ ಹಣವೂ ಮತ್ತೊಮ್ಮೆ ಖರೀದಿಯಾಗಿ ಸೇರಿದೆ. ಪಾಲಿಥಿನ್ ಚೀಲದ ಅಂಗಡಿಗೆ ಕೊಟ್ಟ ₹5,000ದ ಕಥೆಯೂ ಅದೇ. ಇವೆರಡೂ ಸೇರಿ ₹23,400. ಅದರ ಮೇಲೆ, ಹಿಂದಿರುಗಿಸಿದ ಮಾಲಿನ ₹2,079 ಎಲ್ಲಿಯೂ ಕಳೆದಿಲ್ಲ. ಹೆಚ್ಚಾಗಿ ಕಾಣುತ್ತಿರುವ ₹25,479 ಇಷ್ಟೇ. ನಿಜವಾದ ಖರೀದಿ ₹45,151: ಕೆಳಗೆ ಬರುವ ಉದ್ರಿ ಖರೀದಿ ₹42,730 ಮತ್ತು ರೋಖ ಖರೀದಿ ₹4,500 ಕೂಡಿಸಿ, ವಾಪಸಾತಿ ₹2,079 ಕಳೆದದ್ದು.

ಇದಕ್ಕೆ ಎರಡು ಪುಸ್ತಕಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದೇ ಪರಿಹಾರ. ಖರೀದಿ ಪುಸ್ತಕದಲ್ಲಿ ಉದ್ರಿಯಾಗಿ ಕೊಂಡ ಮಾಲು ಮಾತ್ರ ಬರುತ್ತದೆ. ನಗದು ಪಾವತಿ ಪುಸ್ತಕದಲ್ಲಿ ಕೈಯಿಂದಾಗಲಿ ಬ್ಯಾಂಕಿನಿಂದಾಗಲಿ ಹೊರಹೋದ ಪ್ರತಿಯೊಂದು ರೂಪಾಯಿ ಬರುತ್ತದೆ, ಅದು ಯಾವ ಕಾರಣಕ್ಕೆ ಹೋಗಿದ್ದರೂ ಸರಿ. ಬಿಲ್ಲು ಕೈಯಲ್ಲಿ ಹಿಡಿದಾಗ ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಮಾಲು ಬಂದಾಗಲೇ ಹಣವೂ ಹೋಯಿತೇ? ಹೋಗಿದ್ದರೆ ಅದು ರೋಖ ಖರೀದಿ, ಪಾವತಿ ಪುಸ್ತಕಕ್ಕೆ ಮಾತ್ರ ಸೇರಬೇಕು. ಹೋಗಿಲ್ಲದಿದ್ದರೆ ಖರೀದಿ ಪುಸ್ತಕಕ್ಕೆ. ಮುಂದೆ ಹಣ ಕೊಟ್ಟ ದಿನ ಪಾವತಿ ಪುಸ್ತಕದಲ್ಲಿ ಬರೆಯುವಾಗ ಅದನ್ನು ಖರೀದಿ ಎಂದು ಕರೆಯಬಾರದು, ಸರಬರಾಜುದಾರರ ಬಾಕಿ ತೀರಿಸಿದ್ದು ಎಂದು ಕರೆಯಬೇಕು. ಖರೀದಿ ಪುಸ್ತಕದಲ್ಲಿ ಋಣ ಹುಟ್ಟುತ್ತದೆ, ಪಾವತಿ ಪುಸ್ತಕದಲ್ಲಿ ತೀರುತ್ತದೆ.

ಈಗ ಅವರದೇ ಫೆಬ್ರವರಿಯನ್ನು ಹೊಸದಾಗಿ ಬರೆದು ನೋಡೋಣ. ಮೆಣಸಿನ ಬಳ್ಳಿಯ ಕುಡಿಗಳನ್ನು ಚೀಲಕ್ಕೆ ಹಾಕುವ ಕಾಲವಾದ್ದರಿಂದ ಕೊಳ್ಳುವಿಕೆ ಹೆಚ್ಚಿರುವ ತಿಂಗಳು ಅದು. ಖರೀದಿ ಪುಸ್ತಕದಲ್ಲಿ ಮೂರೇ ಸಾಲುಗಳು ಬರುತ್ತವೆ:

ಫೆ. 3 – ಕೋಕೋಪೀಟ್ ಸರಬರಾಜುದಾರರು – ₹20,790
ಫೆ. 9 – ಪಾಲಿಥಿನ್ ಚೀಲದ ಅಂಗಡಿ – ₹9,440
ಫೆ. 14 – ಮಾರಾಟದ ಕುಂಡಗಳ ಸಗಟು ವ್ಯಾಪಾರಿ – ₹12,500
ತಿಂಗಳ ಒಟ್ಟು – ₹42,730

ಮೊದಲನೆಯ ಸಾಲನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಐದು ಕಿಲೋ ತೂಕದ 200 ಬ್ಲಾಕ್‌ಗಳು, ತಲಾ ₹110ರಂತೆ ₹22,000. ಅದರಲ್ಲಿ ಶೇಕಡಾ 10 ವ್ಯಾಪಾರಿ ರಿಯಾಯಿತಿ ಬಿಟ್ಟು ₹19,800, ಬಿಲ್ಲಿನಲ್ಲಿ ಹಾಕಿದ ಜಿಎಸ್‌ಟಿ ₹990 ಸೇರಿ ₹20,790. ವ್ಯಾಪಾರಿ ರಿಯಾಯಿತಿಗೆ ಪುಸ್ತಕದಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅದನ್ನು ಕಳೆದು ಉಳಿದ ಮೊತ್ತವೇ ಖರೀದಿಯ ಬೆಲೆ, ಬೇಕಿದ್ದರೆ ವಿವರದ ಅಂಕಣದಲ್ಲಿ ಲೆಕ್ಕ ತೋರಿಸಬಹುದು. ಅವರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲವಾದ್ದರಿಂದ ತೆರಿಗೆಯೂ ಮಾಲಿನ ಬೆಲೆಯೊಳಗೇ ಸೇರುತ್ತದೆ.

ಪ್ರತಿ ಸಾಲನ್ನು ಬರೆದ ದಿನವೇ ಆಯಾ ಸರಬರಾಜುದಾರರ ಖಾತೆಗೆ ಖತಾವಣಿ ಮಾಡಬೇಕು (ಅಂದರೆ ಅವರ ಹೆಸರಿನ ಪುಟಕ್ಕೆ ಎತ್ತಿ ಬರೆಯಬೇಕು), ಯಾರಿಗೆ ಎಷ್ಟು ಕೊಡಬೇಕೆಂಬುದು ಯಾವತ್ತು ಕೇಳಿದರೂ ತಿಳಿಯಬೇಕಲ್ಲ. ಆದರೆ ಖರೀದಿ ಖಾತೆಗೆ ಮೂರು ಸಾಲು ಬೇಡ. ತಿಂಗಳ ಕೊನೆಗೆ ₹42,730 ಎಂದು ಒಂದೇ ಸಾಲು ಸಾಕು. ಅವರದು ಮೂರು ಬಿಲ್ಲುಗಳ ತಿಂಗಳು, ಹಾಗಾಗಿ ಇದರ ಲಾಭ ಅಷ್ಟಾಗಿ ಕಾಣುವುದಿಲ್ಲ. ಮೂವತ್ತು ಬಿಲ್ಲುಗಳಿರುವ ತಿಂಗಳಲ್ಲಿ ಮಾತ್ರ ಹೀಗೆ ಒಂದೊಂದು ಬಗೆಯ ವ್ಯವಹಾರಕ್ಕೆ ಒಂದೊಂದು ವಿಶೇಷ ಪುಸ್ತಕವನ್ನು ಯಾಕೆ ಮಾಡಿದರು ಎಂಬುದು ಬರೆಯುವ ಕೈಗೇ ಗೊತ್ತಾಗುತ್ತದೆ. ಖತಾವಣಿ ಆದ ಕೂಡಲೇ ಖಾತೆಯ ಪುಟ ಸಂಖ್ಯೆಯನ್ನು ಖರೀದಿ ಪುಸ್ತಕದ ಸಣ್ಣ ಅಂಕಣದಲ್ಲಿ ಬರೆಯಿರಿ. ಬಿಲ್ಲಿನ ಬಲಮೂಲೆಯಲ್ಲಿಯೂ ಕೆಂಪು ಶಾಯಿಯಲ್ಲಿ ‘ಖ-1’, ‘ಖ-2’ ಎಂದು ಕ್ರಮಸಂಖ್ಯೆ ಹಾಕಿ. ಕೆಂಪು ಸಂಖ್ಯೆ ಇರುವ ಬಿಲ್ಲು ಎರಡನೆಯ ಸಲ ಪುಸ್ತಕಕ್ಕೆ ಏರುವುದಿಲ್ಲ.

ಬಂದ 200 ಬ್ಲಾಕ್‌ಗಳಲ್ಲಿ 20 ಸರಿಯಾಗಿ ತೊಳೆಯದೆ ಉಪ್ಪಿನಂಶ ಉಳಿದವು ಎಂದು ಅವರು ಹಿಂದಿರುಗಿಸಿದ್ದಾರೆ. ಮೆಣಸಿನ ಎಳೆಯ ಬೇರಿಗೆ ಉಪ್ಪು ಆಗದು, ಆದ್ದರಿಂದ ಸರಿಯಾದ ನಿರ್ಧಾರ. ಇದನ್ನು ಖರೀದಿ ಪುಸ್ತಕದ ಸಾಲು ಹೊಡೆದುಹಾಕಿ ತಿದ್ದುವುದು ಬೇಡ. ಖರೀದಿ ವಾಪಸಾತಿ ಪುಸ್ತಕ ಎಂದು ನಾಲ್ಕು ಪುಟ ಬಿಟ್ಟುಕೊಂಡು ಅಲ್ಲಿ ಬರೆಯಬೇಕು. 20 ಬ್ಲಾಕಿಗೆ ₹2,200, ಅದೇ ಶೇಕಡಾ 10 ರಿಯಾಯಿತಿ ಕಳೆದು ₹1,980, ತೆರಿಗೆ ₹99 ಸೇರಿ ₹2,079. ಕೊಂಡಾಗ ಸಿಕ್ಕ ರಿಯಾಯಿತಿಯನ್ನು ಹಿಂದಿರುಗಿಸುವಾಗ ಮರೆಯುವವರು ಬಹಳ, ಅವರ ಲೆಕ್ಕವೂ ಸರಬರಾಜುದಾರರ ಲೆಕ್ಕವೂ ಆಮೇಲೆ ಹೊಂದುವುದೇ ಇಲ್ಲ. ಈಗ ಕೋಕೋಪೀಟಿನವರಿಗೆ ಕೊಡಬೇಕಾದದ್ದು ₹18,711.

ಇನ್ನು ನಗದು ಪಾವತಿ ಪುಸ್ತಕ. ಇದಕ್ಕೆ ಅಗಲವಾದ ಪುಟ ಬೇಕು, ಏಕೆಂದರೆ ಅಂಕಣಗಳು ಹೆಚ್ಚು. ದಿನಾಂಕ, ಓಚರ್ (ಪಾವತಿ ಚೀಟಿ) ಸಂಖ್ಯೆ, ವಿವರ ಮತ್ತು ಪುಟ ಸಂಖ್ಯೆ ಆದ ಮೇಲೆ, ಹಣ ಯಾವ ಲೆಕ್ಕಕ್ಕೆ ಹೋಯಿತು ಎಂದು ತೋರಿಸುವ ಅಂಕಣಗಳು: ಸರಬರಾಜುದಾರರ ಬಾಕಿ, ರೋಖ ಖರೀದಿ, ಸಾಗಣೆ, ಕೂಲಿ, ಇತರೆ. ಅದರ ಬಲಕ್ಕೆ ಹಣ ಎಲ್ಲಿಂದ ಹೋಯಿತು ಎಂದು ತೋರಿಸುವ ನಗದು ಮತ್ತು ಬ್ಯಾಂಕ್ ಅಂಕಣಗಳು, ಕೊನೆಗೆ ಪಡೆದ ರಿಯಾಯಿತಿಯ ಅಂಕಣ. ಪದೇಪದೇ ಬರುವ ಖರ್ಚಿಗೆ ಮಾತ್ರ ಸ್ವಂತ ಅಂಕಣ ಕೊಡಿ, ತಿಂಗಳಿಗೊಮ್ಮೆ ಬರುವುದಕ್ಕೆ ‘ಇತರೆ’ ಸಾಕು.

ಫೆಬ್ರವರಿ 3ರಂದು ಕೋಕೋಪೀಟ್ ತಂದ ಲಾರಿಯವರಿಗೆ ಕೈಯಿಂದ ಕೊಟ್ಟ ₹1,800 ಸಾಗಣೆಗೆ ಸೇರುತ್ತದೆ. 5ರಂದು ಪಕ್ಕದ ಊರಿನ ರೈತರಿಂದ ಒಂದು ಟ್ರಾಕ್ಟರ್ ಕೊಟ್ಟಿಗೆ ಗೊಬ್ಬರ ಕೊಂಡು ಅಲ್ಲೇ ಕೊಟ್ಟ ₹4,500 ರೋಖ ಖರೀದಿ. ಅದಕ್ಕೆ ಬಿಲ್ಲು ಇರುವುದಿಲ್ಲ, ಆದ್ದರಿಂದ ನೀವೇ ಒಂದು ಓಚರ್ ಬರೆದು, ಹಣ ಪಡೆದ ರೈತರ ಸಹಿ ಹಾಕಿಸಿಕೊಳ್ಳಬೇಕು. 15 ಮತ್ತು 28ರಂದು ಕೂಲಿ ತಲಾ ₹3,600, ಒಟ್ಟು ₹7,200. 20ರಂದು ಚೀಲದ ಅಂಗಡಿಗೆ ಯುಪಿಐ ಮೂಲಕ ಭಾಗಶಃ ಪಾವತಿ ₹5,000. 22ರಂದು ಬ್ಯಾಟರಿ ಸ್ಪ್ರೇಯರ್‌ಗೆ ಯುಪಿಐ ಮೂಲಕ ₹3,600. 25ರಂದು ಮಗಳ ಶಾಲಾ ಶುಲ್ಕಕ್ಕೆ ಗಲ್ಲೆಯಿಂದ ತೆಗೆದ ₹3,000. ಕೊನೆಯ ಎರಡೂ ‘ಇತರೆ’ ಅಂಕಣಕ್ಕೆ ಹೋಗುತ್ತವೆ, ಆದರೆ ವಿವರ ಸ್ಪಷ್ಟವಾಗಿರಬೇಕು: ಸ್ಪ್ರೇಯರ್ ನರ್ಸರಿಯ ಆಸ್ತಿ, ಶಾಲಾ ಶುಲ್ಕ ಮಾಲೀಕರ ಸ್ವಂತ ಬಳಕೆಯ ಹಣ. ಎರಡೂ ಖರೀದಿಯಲ್ಲ. ಸ್ಪ್ರೇಯರ್ ಉದ್ರಿಯಾಗಿ ಬಂದಿದ್ದರೂ ಖರೀದಿ ಪುಸ್ತಕಕ್ಕೆ ಬರುತ್ತಿರಲಿಲ್ಲ, ಬೇರೆ ಯಾವ ಪುಸ್ತಕಕ್ಕೂ ಸೇರದ ವ್ಯವಹಾರ ಬರೆಯುವ ಸಾಮಾನ್ಯ ದಿನವಹಿಗೆ ಹೋಗುತ್ತಿತ್ತು.

26ರ ಸಾಲೇ ಇಲ್ಲಿ ಮುಖ್ಯವಾದದ್ದು. ಬಾಕಿ ₹18,711 ಇದ್ದಾಗ, ತಿಂಗಳೊಳಗೆ ಕೊಟ್ಟರೆಂದು ಸರಬರಾಜುದಾರರು ₹311 ಬಿಟ್ಟು ₹18,400ಕ್ಕೆ ಲೆಕ್ಕ ಚುಕ್ತಾ ಮಾಡಿದ್ದಾರೆ. ಈ ಸಾಲಿನಲ್ಲಿ ಸರಬರಾಜುದಾರರ ಅಂಕಣಕ್ಕೆ ಪೂರ್ತಿ ₹18,711 ಬರೆಯಬೇಕು, ಬ್ಯಾಂಕ್ ಅಂಕಣಕ್ಕೆ ₹18,400, ರಿಯಾಯಿತಿ ಅಂಕಣಕ್ಕೆ ₹311. ₹18,400 ಎಂದಷ್ಟೇ ಬರೆದು ಬಿಟ್ಟರೆ ಆ ₹311 ಬಾಕಿಯಾಗಿ ಅವರ ಖಾತೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ವ್ಯಾಪಾರಿ ರಿಯಾಯಿತಿ ಬಿಲ್ಲಿನಲ್ಲೇ ಕಳೆದುಹೋಗುವಂಥದ್ದು, ಈ ನಗದು ರಿಯಾಯಿತಿ ಪಾವತಿಯ ದಿನ ಹುಟ್ಟುವ ಆದಾಯ. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಒಟ್ಟು ಮಾಡೋಣ. ಸರಬರಾಜುದಾರರಿಗೆ ₹23,711, ರೋಖ ಖರೀದಿ ₹4,500, ಸಾಗಣೆ ₹1,800, ಕೂಲಿ ₹7,200, ಇತರೆ ₹6,600, ಕೂಡಿದರೆ ₹43,811. ಬಲಭಾಗದಲ್ಲಿ ನಗದು ₹16,500, ಬ್ಯಾಂಕ್ ₹27,000, ರಿಯಾಯಿತಿ ₹311, ಕೂಡಿದರೆ ಅದೂ ₹43,811. ಎರಡು ಬದಿ ಸರಿಹೋಗದಿದ್ದರೆ ಖತಾವಣಿಗೆ ಕೈ ಹಾಕಬೇಡಿ, ಮೊದಲು ಪುಟ ಸರಿಮಾಡಿ.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ, ಇದನ್ನು ಮಾಡುವವರು ಕಡಿಮೆ. ಉದ್ರಿ ಖರೀದಿಯ ಒಟ್ಟು ₹42,730ರಲ್ಲಿ ವಾಪಸಾತಿ ₹2,079 ಮತ್ತು ಬಾಕಿ ತೀರಿಸಿದ ₹23,711 ಕಳೆದರೆ ₹16,940 ಉಳಿಯುತ್ತದೆ. ಈಗ ಖಾತೆಗಳನ್ನು ಒಂದೊಂದಾಗಿ ತೆಗೆದು ನೋಡಿ: ಕೋಕೋಪೀಟಿನವರಿಗೆ ಏನೂ ಇಲ್ಲ, ಚೀಲದವರಿಗೆ ₹4,440, ಕುಂಡದವರಿಗೆ ₹12,500. ಒಟ್ಟು ₹16,940. ಹೊಂದಿತು. ಅವರಿಗೆ ಜನವರಿಯಿಂದ ಬಂದ ಹಳೆಯ ಬಾಕಿ ಇರಲಿಲ್ಲ, ಇದ್ದವರು ಅದನ್ನು ಆರಂಭದಲ್ಲಿ ಕೂಡಿಸಿಕೊಳ್ಳಬೇಕು. ಯಾರಿಗಾದರೂ ಮುಂಗಡ ಕೊಟ್ಟಿದ್ದರೆ ಅದೂ ಸರಬರಾಜುದಾರರ ಅಂಕಣದಲ್ಲೇ ಬರಬೇಕು, ಮಾಲು ಬರುವ ಮೊದಲೇ ಅದನ್ನು ಖರೀದಿ ಎನ್ನುವಂತಿಲ್ಲ.

ಯುಪಿಐ ಬಗ್ಗೆ ಒಂದು ಮಾತು. ಫೋನಿನಿಂದ ಕೊಟ್ಟದ್ದೂ ಕೈಯಿಂದ ಕೊಟ್ಟಂತೆಯೇ ಅನ್ನಿಸುವುದರಿಂದ ಎಷ್ಟೋ ಜನ ಅದನ್ನು ನಗದು ಅಂಕಣದಲ್ಲಿ ಬರೆಯುತ್ತಾರೆ, ಸಂಜೆ ಗಲ್ಲೆ ಎಣಿಸಿದಾಗ ಪುಸ್ತಕಕ್ಕಿಂತ ಹಣ ಹೆಚ್ಚಿರುವುದನ್ನು ಕಂಡು ಆಶ್ಚರ್ಯಪಡುತ್ತಾರೆ. ಅದು ಬ್ಯಾಂಕ್ ಅಂಕಣದ ವಿಷಯ. ಚಹಾ, ಸುತ್ತಲಿ ದಾರ, ಬಸ್ ಚಾರ್ಜಿನಂಥ ಚಿಲ್ಲರೆಗೆ ತಿಂಗಳ ಆರಂಭದಲ್ಲಿ ₹2,000 ಬೇರೆ ತೆಗೆದಿಟ್ಟು, ಖರ್ಚಾದಷ್ಟನ್ನು ಮಾತ್ರ ಮತ್ತೆ ತುಂಬಿಸುವ ಚಿಲ್ಲರೆ ನಗದು ಪುಸ್ತಕ ಇಟ್ಟರೆ ದೊಡ್ಡ ಪುಸ್ತಕ ಚೊಕ್ಕಟವಾಗಿರುತ್ತದೆ.

ಖರೀದಿ ಪುಸ್ತಕದಲ್ಲಿ ಮೊತ್ತವನ್ನು ಎರಡು ಅಂಕಣಗಳಾಗಿ ಒಡೆಯಬೇಕೆಂದು ನಾನು ಒತ್ತಾಯಿಸುತ್ತೇನೆ: ಸಸಿ ಬೆಳೆಸಲು ಬೇಕಾದ ಸಾಮಗ್ರಿ ₹30,230, ಹಾಗೆಯೇ ಮಾರಲು ತಂದ ಕುಂಡಗಳು ₹12,500. ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿಗಳಿಂದ ಬರುವ ವರಮಾನವನ್ನು ಕೃಷಿ ವರಮಾನವೆಂದೇ ಪರಿಗಣಿಸಬೇಕೆಂದು 2008ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ ವಿವರಣೆಯೊಂದನ್ನು ಸೇರಿಸಿತು. ಕುಂಡ, ಗೊಬ್ಬರ ಕೊಂಡು ಮಾರಿದ ಲಾಭಕ್ಕೆ ಆ ಆಸರೆಯಿಲ್ಲ, ಅದು ವ್ಯಾಪಾರದ ವರಮಾನ. ಎರಡರ ಖರೀದಿ ಒಂದೇ ಅಂಕಣದಲ್ಲಿ ಬೆರೆತಿದ್ದರೆ, ಲಾಭವನ್ನು ಬೇರ್ಪಡಿಸಿ ತೋರಿಸಲು ವರ್ಷದ ಕೊನೆಗೆ ಬಿಲ್ಲುಗಳ ಕಟ್ಟನ್ನೆಲ್ಲ ಬಿಚ್ಚಬೇಕಾಗುತ್ತದೆ. ವ್ಯಾಪಾರದ ಭಾಗದಲ್ಲಿ ಇನ್ನೊಂದು ನಿಯಮವೂ ಅನ್ವಯಿಸುತ್ತದೆ. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ, ವಿನಾಯಿತಿ ಇರುವ ಸಂದರ್ಭಗಳನ್ನು ಬಿಟ್ಟು, ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. 2017ರ ಮೊದಲು ಈ ಮಿತಿ ₹20,000 ಇತ್ತು, ಹಳೆಯ ಅಂಕಿಯನ್ನೇ ನೆನಪಿಟ್ಟುಕೊಂಡವರು ಈಗಲೂ ಇದ್ದಾರೆ. ಕುಂಡದವರ ₹12,500ನ್ನು ಒಂದೇ ಸಲ ತೀರಿಸುವುದಾದರೆ ಬ್ಯಾಂಕಿನ ಮೂಲಕವೇ ಕೊಡಿ.

ಮುಂದೆ ಜಿಎಸ್‌ಟಿ ನೋಂದಣಿ ಮಾಡಿಸಿದರೆ ಖರೀದಿ ಪುಸ್ತಕಕ್ಕೆ ಹೂಡುವಳಿ ತೆರಿಗೆಯ (ಮಾಲು ಕೊಂಡಾಗ ಬಿಲ್ಲಿನಲ್ಲಿ ಬಂದ ಜಿಎಸ್‌ಟಿಯ) ಅಂಕಣ ಸೇರುತ್ತದೆ. ಆಗಲೂ ತೆರಿಗೆಯಿಲ್ಲದೆ ಮಾರುವ ಸಸಿಗಳಿಗಾಗಿ ಕೊಂಡ ಚೀಲ, ಕೋಕೋಪೀಟಿನ ತೆರಿಗೆ ಹಿಂದಿರುಗಿ ಸಿಗುವುದಿಲ್ಲ, ಕುಂಡಗಳದು ಮಾತ್ರ ಸಿಗುತ್ತದೆ. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಸರಬರಾಜುದಾರರಿಗೆ ಹಣ ಕೊಡದಿದ್ದರೆ ಪಡೆದ ತೆರಿಗೆ ಜಮೆಯನ್ನು ವಾಪಸ್ ಕಟ್ಟಬೇಕಾಗುತ್ತದೆ. ಎರಡು ಪುಸ್ತಕಗಳನ್ನು ಎದುರುಬದುರು ಇಟ್ಟುಕೊಂಡವರಿಗೆ ಅಂಥ ಬಿಲ್ಲು ತಾನಾಗಿ ಕಣ್ಣಿಗೆ ಬೀಳುತ್ತದೆ.

ಟ್ಯಾಲಿಯ ಪ್ರಶ್ನೆಗೆ ಬರುತ್ತೇನೆ. ಈ ಪ್ರಮಾಣದ ವ್ಯವಹಾರಕ್ಕೆ ಅದು ಕಡ್ಡಾಯವಲ್ಲ, ಅಗಲ ಪುಟದ ಎರಡು ರಿಜಿಸ್ಟರ್ ಸಾಕು. ಟ್ಯಾಲಿಯಲ್ಲಿಯೂ ಎಫ್9 ಒತ್ತಿದರೆ ಖರೀದಿ, ಎಫ್5 ಒತ್ತಿದರೆ ಪಾವತಿ, ಅಂದರೆ ಇದೇ ಎರಡು ಪುಸ್ತಕಗಳು. ಪಾವತಿ ಬರೆಯುವಾಗ ಸರಬರಾಜುದಾರರ ಖಾತೆಯ ಬದಲು ಖರೀದಿ ಖಾತೆಯನ್ನು ಆರಿಸಿದರೆ ಅದು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಮಾರ್ಚ್ ಮುಗಿಯುತ್ತಿರುವುದರಿಂದ ಇದೊಂದನ್ನು ಈಗಲೇ ಮಾಡಿ. 31ರೊಳಗೆ ಅಂಗಳಕ್ಕೆ ಬಂದಿಳಿದು ಬಿಲ್ಲು ಇನ್ನೂ ಕೈಸೇರದ ಮಾಲು ಏನಾದರೂ ಇದ್ದರೆ, ಸರಬರಾಜುದಾರರಿಗೆ ಫೋನ್ ಮಾಡಿ ಬಿಲ್ಲಿನ ಮೊತ್ತ ಕೇಳಿಕೊಂಡು ಈ ವರ್ಷದ ಖರೀದಿ ಪುಸ್ತಕದಲ್ಲೇ ಬರೆಯಿರಿ. ದಾಸ್ತಾನು ಎಣಿಸುವಾಗ ಆ ಮಾಲು ಲೆಕ್ಕಕ್ಕೆ ಬಂದು ಖರೀದಿಯಲ್ಲಿ ಇಲ್ಲದಿದ್ದರೆ ಅಷ್ಟೂ ಲಾಭವೆಂದೇ ತೋರುತ್ತದೆ.