ತೊರಕೆ ಚುಚ್ಚಿದರೆ ಬಿಸಿನೀರು

ಪ್ರಶ್ನೆ: ಗಣಪತಿ ವಿಸರ್ಜನೆಗೆ ಮುಂಬಯಿಯ ಗಿರ್ಗಾಂವ್ ಚೌಪಾಟಿ ಕಡಲತೀರಕ್ಕೆ ಹೋಗುತ್ತೇವೆ. ನೀರಿನಲ್ಲಿ ತೊರಕೆ ಮೀನು ಚುಚ್ಚಿದರೆ ಐಸ್ ಇಟ್ಟು, ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು ಅನ್ನುತ್ತಾರೆ. ಸರಿಯೇ?
– ಓದುಗರು, ಡೊಂಬಿವಲಿ

ಉತ್ತರ: ಎರಡೂ ಬೇಡ. ಮರಾಠಿಯವರು ಪಾಕಟ್ ಅನ್ನುವ ಈ ಮೀನು 2013ರ ಸೆಪ್ಟೆಂಬರ್‌ನಲ್ಲಿ ಇದೇ ಚೌಪಾಟಿಯಲ್ಲಿ ಹತ್ತಾರು ಮಂದಿಗೆ ಚುಚ್ಚಿತ್ತು. ಅದು ಮರಳಲ್ಲಿ ಹುದುಗಿರುತ್ತದೆ, ತುಳಿದರೆ ಬಾಲ ಬೀಸುತ್ತದೆ. ಬಾಲದ ಮುಳ್ಳಿಗೆ ಗರಗಸದಂಥ ಹಲ್ಲು, ಅದರ ಸುತ್ತ ವಿಷದ ಪೊರೆ.

ಮೊದಲು ಗಾಯವನ್ನು ಶುದ್ಧ ನೀರಲ್ಲಿ ತೊಳೆಯಿರಿ. ರಕ್ತ ಜೋರಾಗಿದ್ದರೆ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಿ. ಆಮೇಲೆ ಕಾಲನ್ನು ಬಿಸಿನೀರಲ್ಲಿ ಮುಳುಗಿಸಿ, 30ರಿಂದ 90 ನಿಮಿಷ. ವಿಷ ಪ್ರೋಟೀನಿನದು, ಬಿಸಿಗೆ ಅದರ ಶಕ್ತಿ ಕುಂದಿ ನೋವು ಇಳಿಯುತ್ತದೆ. ನೀರು 45 ಡಿಗ್ರಿ ಮೀರಬಾರದು. ಥರ್ಮಾಮೀಟರ್ ಇಲ್ಲವೇ? ಚಹಾದಂಗಡಿಯಿಂದ ತಂದ ಒಂದು ಲೋಟ ಕುದಿನೀರಿಗೆ ನಾಲ್ಕು ಲೋಟ ನಲ್ಲಿನೀರು ಬೆರೆಸಿದರೆ ಹೆಚ್ಚುಕಡಿಮೆ 42 ಡಿಗ್ರಿ. ಒಂದಕ್ಕೆ ಮೂರಾದರೆ ಸುಡುವ ಅಪಾಯವಿದೆ. ಬಿಸಿಯನ್ನು ಪಕ್ಕದಲ್ಲಿರುವವರು ಕೈಯದ್ದಿ ನೋಡಬೇಕು. ನೋವಿನಲ್ಲಿ ಮರಗಟ್ಟಿದ ಕಾಲಿಗೆ ಬೊಬ್ಬೆ ಏಳುವವರೆಗೂ ಗೊತ್ತಾಗದು. ಆರಿದ ನೀರಿಗೆ ಬಿಸಿನೀರು ಸುರಿಯುವ ಮುಂಚೆ ಕಾಲು ಮೇಲೆತ್ತಿಸಿ.

ಬಿಗಿದು ಕಟ್ಟಿದರೆ ರಕ್ತ ಹರಿಯದೆ ಕಾಲಿಗೇ ಕೇಡು. ಗಾಯ ಕೊಯ್ಯುವುದು, ಬಾಯಿಯಿಂದ ಹೀರುವುದು ಕೂಡ ಬೇಡ. ಎದೆ, ಹೊಟ್ಟೆ, ಕುತ್ತಿಗೆಗೆ ಮುಳ್ಳು ನಾಟಿದ್ದರೆ ಕೀಳಬೇಡಿ, ರಕ್ತನಾಳಕ್ಕೆ ಅದೇ ಮುಚ್ಚಳವಾಗಿರಬಹುದು. ಉಸಿರು ಕಟ್ಟಿದರೂ ತಲೆ ಸುತ್ತಿದರೂ 108ಕ್ಕೆ ಕರೆ ಮಾಡಿ.

ನೋವು ಇಳಿದರೂ ಆಸ್ಪತ್ರೆ ತಪ್ಪಿಸಬೇಡಿ. ಮುರಿದ ಮುಳ್ಳಿನ ಚೂರು ಒಳಗಿದ್ದರೆ ವಾರಗಳ ನಂತರವೂ ಕೀವಾಗುತ್ತದೆ, ಎಕ್ಸ್-ರೇ ಬೇಕಾಗಬಹುದು. ಧನುರ್ವಾತದ ಚುಚ್ಚುಮದ್ದಿನ ವಿಷಯ ಕೇಳಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರಿಗೆ ಸಮುದ್ರದ ಸೋಂಕು ಬೇಗ ಏರುತ್ತದೆ. ನೀರಿಗಿಳಿಯುವಾಗ ಕಾಲೆತ್ತಿ ಹಾಕದೆ ಮರಳಲ್ಲಿ ಎಳೆಯುತ್ತ ನಡೆದರೆ ಮೀನೇ ಸರಿದು ಹೋಗುತ್ತದೆ.

ಪ್ರಶ್ನೆ: ಬಜಾರಿನಿಂದ ತಂದ ಶಿಂಗಾಳಾ ಮೀನು (ಕ್ಯಾಟ್‌ಫಿಶ್) ಶುಚಿ ಮಾಡುವಾಗ ಬೆರಳಿಗೆ ಚುಚ್ಚಿ ಊದಿಕೊಂಡಿತು. ಸತ್ತ ಮೀನಿಗೂ ವಿಷವೇ?
– ಓದುಗರು, ವಾಶಿ

ಉತ್ತರ: ಹೌದು, ಸತ್ತ ಮೇಲೂ ಮುಳ್ಳಿನ ವಿಷ ಉಳಿದಿರುತ್ತದೆ. ಬೆರಳಿನ ಉಂಗುರ ತಕ್ಷಣ ತೆಗೆಯಿರಿ, ಊದಿದ ಮೇಲೆ ಬಾರದು. ಉಪಚಾರ ಮೇಲಿನದೇ. ಮುಂದಿನ ಸಲ ಬೆನ್ನಿನ ಒಂದು, ಪಕ್ಕದ ಎರಡು ಮುಳ್ಳುಗಳನ್ನು ಮೀನು ಮಾರುವವರಿಂದಲೇ ಬುಡಕ್ಕೆ ಕತ್ತರಿಸಿ ತನ್ನಿ.