ಹೈಬ್ರಿಡ್ ಗಾಡಿ ನಿಧಾನಕ್ಕೆ ಹೋಗುವಾಗ ಹಳೇ ಆಟೋಮ್ಯಾಟಿಕ್ ಥರಾನೇ ಇರುತ್ತಾ?

ಆಟೋಮ್ಯಾಟಿಕ್ ಓಡಿಸಿ ರೂಢಿ ಇದೆ, ಈಗ ಇಂಜಿನ್ ಜೊತೆ ಕರೆಂಟ್ ಮೋಟರೂ ಇರುವ ಹೈಬ್ರಿಡ್ ತಗೋಬೇಕು, ಬಳ್ಳಾರಿ ಟ್ರಾಫಿಕ್‌ನಲ್ಲಿ ಎರಡೂ ಒಂದೇ ಥರ ತೆವಳುತ್ತವಾ ಅಂತ ಕೇಳಿದ್ದೀರಿ. ಶೋರೂಮ್‌ನವರು ‘ಏನೂ ವ್ಯತ್ಯಾಸ ಇಲ್ಲ ಸಾರ್, ಡಿಗೆ (ಡ್ರೈವ್ ಗೇರಿಗೆ) ಹಾಕಿ ಹೋಗ್ತಾ ಇರಿ’ ಅಂದರು ಅಂತಲೂ ಬರೆದಿದ್ದೀರಿ. ನನಗೂ ಅದನ್ನೇ ಹೇಳಿದ್ದರು. ಅದನ್ನು ನಂಬಿಕೊಂಡು ನಮ್ಮ ಅಕ್ಕನ ಮಗಳ ಒಂದು ವರ್ಷ ಹಾಳು ಮಾಡುವ ಹತ್ತಿರ ಬಂದಿದ್ದೆ.

ಸುಧಾ ಕ್ರಾಸ್ ರೈಲ್ವೆ ಗೇಟ್ ನಿಮಗೆ ಗೊತ್ತೇ ಇರುತ್ತೆ. ಒಂದು ಗೂಡ್ಸ್ ದಾಟಿತು ಅನ್ನುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಬರುತ್ತೆ. ಅವತ್ತು ಮೇ ತಿಂಗಳ ಭಾನುವಾರ, ನೀಟ್ ಪರೀಕ್ಷೆ. ಮಧ್ಯಾಹ್ನ ಒಂದೂವರೆಗೆ ಸೆಂಟರ್ ಗೇಟ್ ಹಾಕುತ್ತಾರೆ, ಆಮೇಲೆ ಯಾರು ಕಾಲಿಗೆ ಬಿದ್ದರೂ ಒಳಗೆ ಬಿಡಲ್ಲ. ದುರ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಹೊರಟಿದ್ದೆವು, ಹಾಗಾಗಿ ತಡ ಆಗಿತ್ತು. ರೈಲ್ವೆ ಗೇಟ್ ಹತ್ತಿರ ಬಂದಾಗ 12.45. ಕಣ್ಣೆದುರೇ ಗೇಟ್ ಬಿತ್ತು. ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು.

ಗೇರನ್ನು ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ ಹಾಕಿದೆ. ಪಾರ್ಕಿಂಗ್ ಬ್ರೇಕ್ ಗುಂಡಿ ಎಳೆದೆ. ಹುಡುಗಿಗೆ ಸೆಕೆ ಆಗದಿರಲಿ ಅಂತ ಎಸಿ ಜೋರು ಮಾಡಿದೆ. ತಪ್ಪಾಗಿದ್ದು ಇಲ್ಲೇ. ಎಸಿಯಿಂದಲ್ಲ, ಬ್ರೇಕಿಂದಲ್ಲ, ಆ ಎನ್‌ನಿಂದ.

ಯಾಕೆ ಎನ್‌ಗೆ ಹಾಕಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಕೈಯೂ ಅಲ್ಲಿಗೇ ಹೋಗುತ್ತೆ, ಅದಕ್ಕೆ. ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಎಣ್ಣೆ ತುಂಬಿದ ಡಬ್ಬಿ ಇರುತ್ತೆ. ಒಳಗೆ ಎದುರುಬದುರು ಎರಡು ರೆಕ್ಕೆಚಕ್ರ. ಇಂಜಿನ್ ಒಂದನ್ನು ತಿರುಗಿಸುತ್ತೆ, ಅದು ಎಣ್ಣೆಯನ್ನು ತಳ್ಳುತ್ತೆ, ಎಣ್ಣೆ ಇನ್ನೊಂದನ್ನು ತಿರುಗಿಸುತ್ತೆ. ಅದಕ್ಕೇ ಡಿಯಲ್ಲಿ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನಾಗಿ ತೆವಳುತ್ತೆ. ಬ್ರೇಕ್ ತುಳಿದು ನಿಂತಾಗಲೂ ಇಂಜಿನ್ ಆ ಎಣ್ಣೆ ಕಲಕುತ್ತಲೇ ಇರುತ್ತೆ, ಎಣ್ಣೆ ಕಾಯುತ್ತೆ. ಕೌಲ್ ಬಜಾರಿನ ನಮ್ಮ ಮೇಸ್ತ್ರಿ ನಾನು ಹಳೇ ಆಟೋಮ್ಯಾಟಿಕ್ ತಂದ ಮೊದಲ ದಿನವೇ ಹೇಳಿದ್ದ, ‘ಅಣ್ಣಾ, ಗೇಟ್ ಬಿದ್ರೆ ಎನ್‌ಗೆ ಹಾಕ್ರಿ. ಸುಮ್ನೆ ಗೇರ್‌ಬಾಕ್ಸ್ ಯಾಕೆ ಕಾಯಿಸ್ತೀರಿ’ ಅಂತ. ಆ ಗಾಡಿಗೆ ಅದು ಸರಿಯಾದ ಮಾತೇ. ಏಳು ವರ್ಷ ಹಾಗೇ ಮಾಡಿದೆ, ಗೇರ್‌ಬಾಕ್ಸ್‌ಗೆ ಒಂದು ದಿನ ಖರ್ಚು ಮಾಡಲಿಲ್ಲ.

ಅವತ್ತು ಗೇಟ್ ಹತ್ತಿರ ನಿಂತಿದ್ದ, ಈಗಿನ ನನ್ನ ಗಾಡಿ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಬರೀ ಮೋಟರ್‌ನಲ್ಲೂ ಓಡಬಲ್ಲದು. 1997ರಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಕಾರಿನ ಜೊತೆ ಬಂತಲ್ಲ, ಆ ಪದ್ಧತಿಯದು. ಇದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಒಂದು ಇಂಜಿನ್, ಎರಡು ಮೋಟರ್, ಮೂರನ್ನೂ ಜೋಡಿಸುವ ಹಲ್ಲುಚಕ್ರಗಳು, ಅಷ್ಟೇ. ಒಂದು ಮೋಟರ್ ಚಕ್ರ ತಿರುಗಿಸುತ್ತೆ. ಇನ್ನೊಂದು ಇಂಜಿನ್‌ನಿಂದ ಕರೆಂಟ್ ಹುಟ್ಟಿಸುತ್ತೆ, ಇಂಜಿನ್ ಸ್ಟಾರ್ಟ್ ಮಾಡುವುದೂ ಅದೇ. ಬೇರೆ ಸ್ಟಾರ್ಟರ್ ಇಲ್ಲವೇ ಇಲ್ಲ. ಎನ್‌ಗೆ ಹಾಕಿದಿರೋ, ಆ ಎರಡೂ ಮೋಟರ್ ಕೆಲಸ ನಿಲ್ಲಿಸುತ್ತವೆ. ಆಗ ಇಂಜಿನ್ ಓಡುತ್ತಿದ್ದರೂ ಒಂದು ಹನಿ ಕರೆಂಟ್ ಹುಟ್ಟಲ್ಲ. ಆದರೆ ಎಸಿ? ಇದರ ಎಸಿ ಕಂಪ್ರೆಸರ್ ಇಂಜಿನ್ ಬೆಲ್ಟಿನಿಂದ ಓಡುವುದಲ್ಲ, ಅದೇ ಹೈಬ್ರಿಡ್ ಬ್ಯಾಟರಿಯಿಂದ ಓಡುತ್ತೆ. ಆ ಬ್ಯಾಟರಿಯೋ ತೀರಾ ಚಿಕ್ಕದು, ಮುಕ್ಕಾಲು ಯೂನಿಟ್ ಕರೆಂಟಿನಷ್ಟು. ಮನೆಯ ಒಂದೂವರೆ ಟನ್ ಎಸಿ ಅರ್ಧ ಗಂಟೆಯಲ್ಲಿ ಅಷ್ಟನ್ನು ಕುಡಿದುಬಿಡುತ್ತೆ. ಅದರಲ್ಲೂ ಬ್ಯಾಟರಿ ಬಾಳಿಕೆ ಬರಲಿ ಅಂತ ಪೂರ್ತಿ ಬಳಸಲು ಗಾಡಿ ಬಿಡಲ್ಲ. ಕೊಡದ ಕೆಳಗೆ ನಲ್ಲಿ ಬಿಟ್ಟು, ಮೇಲಿಂದ ನೀರು ಹಾಕುವುದನ್ನು ನಿಲ್ಲಿಸಿದ ಹಾಗೆ. ಗೇಟ್ ಬಿದ್ದ ಇಪ್ಪತ್ತೈದು ನಿಮಿಷ ನಾನು ಮಾಡಿದ್ದು ಇದೇ.

ಗಾಡಿ ಎಚ್ಚರಿಸಲಿಲ್ಲ ಅಂತ ಹೇಳಲಾರೆ. ಇಳಿದು ಹೋಗಲು ಬಾಗಿಲು ತೆಗೆದಾಗಲೇ ಬೀಪ್ ಅಂತು. ನಾನು ಬೇವಿನ ಮರದ ನೆರಳಿಗೆ ಹೋಗಿ ನಿಂತೆ. ಮೊದಲನೇ ಗೂಡ್ಸ್ ಅದಿರು ತುಂಬಿಕೊಂಡು ಹೋಯಿತು, ಎರಡನೆಯದಕ್ಕೆ ಕಾಯುತ್ತಿದ್ದೆವು. ಹುಡುಗಿ ಕಿಟಕಿ ಇಳಿಸಿ, ‘ಮಾಮಾ, ಎಸಿ ತಂಪೇ ಬರ್ತಿಲ್ಲ’ ಅಂದಳು. ಬಿಸಿಲು ಜಾಸ್ತಿ ಅಲ್ವಾ, ಗ್ಯಾಸ್ ಕಡಿಮೆ ಆಗಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ, ‘ಮಾಮಾ, ಇಲ್ಲಿ ಏನೋ ಬರೆದು ಬರ್ತಿದೆ, ಪಿಗೆ ಹಾಕು ಅಂತಿದೆ’ ಅಂದಳು. ಪಿ ಅಂದರೆ ಗಾಡಿ ನಿಲ್ಲಿಸಿಡುವ ಪಾರ್ಕ್ ಗೇರ್. ‘ಅದು ಬಾಗಿಲಿನದು, ನೀನು ಓದ್ಕೋ’ ಅಂದೆ. ಹತ್ತಿರ ಹೋಗಿ ಬಾಗಿ ನೋಡಿದ್ದರೆ ಮುಗಿಯುತ್ತಿತ್ತು. ಪಿಗೆ ಹಾಕಿದ್ದರೆ ಇಂಜಿನ್ ತಾನೇ ಎದ್ದು ಐದು ನಿಮಿಷದಲ್ಲಿ ಬ್ಯಾಟರಿ ಸುಧಾರಿಸಿಕೊಳ್ಳುತ್ತಿತ್ತು. ಹತ್ತು ಹೆಜ್ಜೆ ದೂರ ಅಷ್ಟೇ ಇದ್ದಿದ್ದು. ಈಗಲೂ ಆ ಗೇಟ್ ದಾಟುವಾಗಲೆಲ್ಲ ಆ ಹತ್ತು ಹೆಜ್ಜೆ ನೆನಪಾಗುತ್ತೆ.

1.10ಕ್ಕೆ ಗೇಟ್ ಎದ್ದಿತು. ಓಡಿಬಂದು ಕೂತು ಬ್ರೇಕ್ ತುಳಿದು ಡಿಗೆ ಹಾಕಿದೆ. ಏನೂ ಇಲ್ಲ. ಮೀಟರ್‌ನಲ್ಲಿ ‘ರೆಡಿ’ ದೀಪ ಇಲ್ಲ. ಬ್ಯಾಟರಿ ಗೆರೆಗಳಲ್ಲಿ ಒಂದೂ ಇಲ್ಲ. ಹಿಂದೆ ಲಾರಿ, ಬಸ್ಸು, ಎಲ್ಲರದೂ ಹಾರನ್. ಹುಡುಗಿ ಅಳಲಿಲ್ಲ. ಹಾಲ್ ಟಿಕೆಟ್ ಎದೆಗೆ ಒತ್ತಿಕೊಂಡು ನನ್ನ ಮುಖ ನೋಡುತ್ತಾ ಕೂತಿದ್ದಳು. ಹಿಂದಿದ್ದ ಆಟೋದವರು ಇಳಿದು ಬಂದು ಅದನ್ನು ನೋಡಿದವರೇ ‘ಹತ್ತಮ್ಮಾ ಬೇಗ’ ಅಂದರು. 1.26ಕ್ಕೆ ಒಳಗೆ ಹೋದೆ ಅಂತ ಸೆಂಟರ್ ಬಾಗಿಲಲ್ಲಿ ಯಾರದೋ ಫೋನ್ ಇಸ್ಕೊಂಡು ಹೇಳಿದಳು. ಆ ಆಟೋದವರು ದುಡ್ಡು ತಗೊಳ್ಳಲಿಲ್ಲವಂತೆ. ಅವರ ಹೆಸರು ಕೇಳಲೂ ನನಗೆ ಆಗಲಿಲ್ಲ.

ಗಾಡಿಯನ್ನು ನಾಲ್ಕು ಜನ ಸೇರಿ ಪಕ್ಕಕ್ಕೆ ತಳ್ಳಿದೆವು. ಹಗ್ಗ ಕಟ್ಟಿ ಎಳೆಯೋಣ ಅಂತ ಒಬ್ಬರು ಬಂದರು, ಪುಣ್ಯಕ್ಕೆ ಬೇಡ ಅಂದೆ. ಮುಂದಿನ ಚಕ್ರ ನೆಲದ ಮೇಲಿಟ್ಟು ಇಂಥ ಗಾಡಿಯನ್ನು ದೂರ ಎಳೆಯಬಾರದು, ಚಕ್ರದ ಜೊತೆ ಮೋಟರ್ ತಿರುಗಿ ಹಾಳಾಗುತ್ತೆ. ಪೂರ್ತಿ ಮೇಲೆ ಹೇರಿಕೊಂಡು ಹೋಗುವ ಲಾರಿಯೇ ಬೇಕು. ಬೇರೆ ಗಾಡಿಯಿಂದ ವೈರ್ ಹಾಕಿ ಸ್ಟಾರ್ಟ್ ಮಾಡೋಣ ಅಂದರೆ ಅದೂ ನಡೆಯಲ್ಲ. ವೈರ್ ಹಾಕುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಗೆ, ಖಾಲಿಯಾಗಿದ್ದು ದೊಡ್ಡದು. ಲಾರಿ, ವರ್ಕ್‌ಶಾಪ್ ಚಾರ್ಜ್ ಎಲ್ಲಾ ಸೇರಿ ಒಂಬತ್ತು ಸಾವಿರ ಹೋಯಿತು. ದುಡ್ಡಿನದು ನನಗೆ ಬೇಜಾರಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವುದು ಚೆನ್ನಾಗಿ ತೆವಳುತ್ತೆ ಅನ್ನುವುದು ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಎರಡೂ ತೆವಳುತ್ತವೆ. ಹಳೆಯದರಲ್ಲಿ ಅದು ಎಣ್ಣೆಯ ಗುಣ, ಇಂಜಿನ್ ಓಡುವ ತನಕ ಇದ್ದೇ ಇರುತ್ತೆ. ಹೈಬ್ರಿಡ್‌ನಲ್ಲಿ ಅದು ಬೇಕಂತಲೇ ಮಾಡಿಟ್ಟದ್ದು. ನಿಮಗೆ ರೂಢಿ ತಪ್ಪದಿರಲಿ ಅಂತ ಬ್ರೇಕ್ ಬಿಟ್ಟಾಗ ಮೋಟರ್ ಮೆಲ್ಲಗೆ ತಳ್ಳುವ ಹಾಗೆ ಗಾಡಿಯ ಕಂಪ್ಯೂಟರಿನಲ್ಲಿ ಬರೆದಿರುತ್ತಾರೆ. ನೋಡಲು ಒಂದೇ ಥರ, ಹಾಗಾಗಿ ಮನಸ್ಸು ಎಲ್ಲಾ ಒಂದೇ ಅಂದುಕೊಳ್ಳುತ್ತೆ. ಕೇಳಬೇಕಾದ್ದು ಏನಂದರೆ, ನೀವು ದಿನಕ್ಕೆ ಎಷ್ಟು ಹೊತ್ತು ಎಸಿ ಹಾಕಿಕೊಂಡು ನಿಂತಿರುತ್ತೀರಿ, ನಿಂತಾಗ ಕೈ ಎಲ್ಲಿಗೆ ಹೋಗುತ್ತೆ?

ಪಿಗೆ ಹಾಕಿ. ಇಲ್ಲಾ ಡಿಯಲ್ಲೇ ಬ್ರೇಕ್ ತುಳಿದು ನಿಲ್ಲಿ, ಹಳೇ ಗಾಡಿಯ ಹಾಗೆ ಕಲಕಿ ಬಿಸಿಯಾಗುವ ಎಣ್ಣೆಡಬ್ಬಿ ಇದರಲ್ಲಿಲ್ಲ. ಎನ್ ಅನ್ನುವುದು ಗಾಡಿ ತಳ್ಳುವಾಗ ಮಾತ್ರ.

ಉಳಿದಂತೆ ನಿಧಾನ ಓಟದಲ್ಲಿ ಹೈಬ್ರಿಡ್ ನನಗೆ ತುಂಬಾ ಇಷ್ಟ. ಮೋತಿ ಸರ್ಕಲ್‌ನಲ್ಲಿ ಸಂಜೆ ಹೊತ್ತು ಇಂಜಿನ್ ಎದ್ದೇಳುವುದೇ ಅಪರೂಪ, ಬರೀ ಮೋಟರ್‌ನಲ್ಲೇ ಸಾಗುತ್ತೆ. ಗೇರ್ ಬದಲಾಗುವ ತಡವರಿಕೆ ಇಲ್ಲ. ಆದರೆ ಹಂಪ್ಸ್ ಹತ್ತಿರ ಹುಷಾರು. ಹಳೇ ಗಾಡಿ ಬ್ರೇಕ್ ಬಿಟ್ಟರೆ ಗಾಂಧಿನಗರದ ಹಂಪ್ಸನ್ನು ತಾನೇ ಏರಿ ಇಳಿಯುತ್ತಿತ್ತು. ಇದು ಹಂಪ್ಸ್ ಬುಡದಲ್ಲಿ ನಿಂತುಬಿಡುತ್ತೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಮೋಟರ್‌ನ ಬಲ ಒಂದೇ ಸಲಕ್ಕೆ ಬರುತ್ತೆ, ಏರಿದ ತಕ್ಷಣ ಮುಂದಕ್ಕೆ ಜಿಗಿಯುತ್ತೆ. ಬಲಗಾಲು ಬ್ರೇಕ್ ಮೇಲೆ ಬರಲು ತಯಾರಿರಬೇಕು. ನಿಲ್ಲುವಾಗಲೂ ಕೊನೆಯ ಒಂದೆರಡು ಮಾರು ದೂರದಲ್ಲಿ ಬ್ರೇಕ್ ತುಸು ಬಿಗಿಯಾದ ಹಾಗೆ ಅನಿಸುತ್ತೆ. ಅಲ್ಲಿಯ ತನಕ ಮೋಟರ್ ಕರೆಂಟ್ ಹುಟ್ಟಿಸುತ್ತಾ ಗಾಡಿ ತಡೆಯುತ್ತಿರುತ್ತೆ, ಕೊನೆಗೆ ಬ್ರೇಕ್ ಪ್ಯಾಡ್ ಹಿಡಿಯುತ್ತೆ. ಒಂದು ವಾರದಲ್ಲಿ ಕಾಲಿಗೆ ಅಭ್ಯಾಸ ಆಗುತ್ತೆ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸುವ ಚಟ ಇದ್ದರೆ ಬಿಡಿ. ತಿರುಗದೆ ನಿಂತ ಮೋಟರ್‌ಗೆ ಕರೆಂಟ್ ಹರಿದು ಹರಿದು ಕಾಯುತ್ತೆ.

ಇನ್ನೊಂದು, ಸದ್ದು. ಕೌಲ್ ಬಜಾರಿನ ಗಲ್ಲಿಗಳಲ್ಲಿ ಮಕ್ಕಳಿಗೆ, ವಯಸ್ಸಾದವರಿಗೆ ನಿಮ್ಮ ಗಾಡಿ ಬಂದಿದ್ದೇ ಗೊತ್ತಾಗಲ್ಲ. ಯುರೋಪಿನಲ್ಲಿ 2021ರಿಂದ ಹೊಸ ಹೈಬ್ರಿಡ್‌, ಎಲೆಕ್ಟ್ರಿಕ್ ಗಾಡಿಗಳು 20 ಕಿ.ಮೀ. ವೇಗದ ತನಕ ತಾವಾಗಿ ಸದ್ದು ಮಾಡಲೇಬೇಕು ಅಂತ ಕಾನೂನಿದೆ. ನಾನು ಗಲ್ಲಿಯಲ್ಲಿ ಕಿಟಕಿ ಇಳಿಸಿಕೊಂಡು, ನಡೆಯುವವರ ವೇಗದಲ್ಲೇ ಹೋಗುತ್ತೇನೆ.

ಮೈಲ್ಡ್ ಹೈಬ್ರಿಡ್ ತೋರಿಸಿ ‘ಇದೂ ಹೈಬ್ರಿಡ್ಡೇ’ ಅಂದರೆ ಮರುಳಾಗಬೇಡಿ. ಅದು ಬರೀ ಮೋಟರ್‌ನಲ್ಲಿ ಓಡಲ್ಲ. ಟಾರ್ಕ್ ಕನ್ವರ್ಟರ್ ಇರುವ ಮೈಲ್ಡ್ ಹೈಬ್ರಿಡ್ ನಿಮ್ಮ ಹಳೇ ಆಟೋಮ್ಯಾಟಿಕ್ಕೇ. ಮತ್ತೆ ನಿಮ್ಮ ಓಡಾಟ ಹೆಚ್ಚಾಗಿ ಬೆಂಗಳೂರು ಹೈವೇಯಲ್ಲಾದರೆ ಸ್ಟ್ರಾಂಗ್ ಹೈಬ್ರಿಡ್‌ಗೆ ಲಕ್ಷಗಟ್ಟಲೆ ಜಾಸ್ತಿ ಕೊಡಬೇಡಿ. ಅದರ ಲಾಭವೆಲ್ಲ ಊರೊಳಗೆ, ನಿಂತು ನಿಂತು ಹೋಗುವಲ್ಲಿ. ತಗೊಂಡರೆ, ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇದೆಯಾ ಕೇಳಿ. ನನ್ನದರಲ್ಲಿದೆ. ಅದಕ್ಕೆ ಬ್ಯಾಗ್ ಅಡ್ಡ ಇಡಬೇಡಿ. ನಮ್ಮ ಕೆಂಧೂಳಿಗೆ ಅದರ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ, ಪ್ರತಿ ಸರ್ವಿಸ್‌ನಲ್ಲೂ ನೀವೇ ಎದುರಿಗೆ ನಿಂತು ತೆಗೆಸಿ ನೋಡಿ.

ಟೆಸ್ಟ್ ಡ್ರೈವ್‌ಗೆ ಹೊಸಪೇಟೆ ರೋಡಿಗೆ ಕರೆದುಕೊಂಡು ಹೋಗುತ್ತಾರೆ, ಅದು ಬೇಡ. ಮಧ್ಯಾಹ್ನ ಬನ್ನಿ ಅಂತ ಹೇಳಿ, ಪಿಗೆ ಹಾಕಿಸಿ, ಎಸಿ ಜೋರು ಮಾಡಿ ಕಾಲು ಗಂಟೆ ಸುಮ್ನೆ ಒಳಗೆ ಕೂತುಕೊಳ್ಳಿ. ಬ್ಯಾಟರಿ ಗೆರೆ ಒಂದೊಂದೇ ಇಳಿಯುವುದು ಕಾಣುತ್ತೆ. ಸಾಕಷ್ಟು ಇಳಿದ ಮೇಲೆ ಸೀಟಿನಡಿ ಸಣ್ಣಗೆ ನಡುಕ ಬಂದು ಇಂಜಿನ್ ತಾನೇ ಎದ್ದೇಳುತ್ತೆ, ಗೆರೆ ಮತ್ತೆ ಏರುತ್ತೆ. ಆ ನಡುಕ ನಿಮ್ಮ ಮೈಗೆ ಗೊತ್ತಾದ ಮೇಲೆ ಬುಕ್ ಮಾಡಿ.